ಡೆಲ್ಫಿಯಾ ಇಳಿಸಿದ ಶ್ರುತಿ

ಆರ್ವೆಲ್ ಮತ್ತು ಡೆಲ್ಫಿಯಾ ಸ್ಟ್ಯಾಂಪರ್ ಮದುವೆಯಾದಾಗಿನಿಂದ ಒಂದೇ ಮೈಕಿಗೆ ದೇವರ ಹಾಡು ಹಾಡಿಕೊಂಡು ಬಂದವರು. ಕೆಂಟಕಿಯ ಆ ಗುಡ್ಡಗಳ ನಡುವೆ ಅವರು ಹಾಡದ ಚರ್ಚಿಲ್ಲ. ಅವರ ಹಾಡು ಕೇಳದೆ ಮಣ್ಣಿಗಿಳಿದವರೂ ಕಡಿಮೆ. ಗಿಟಾರು, ಮೂಲ ರಾಗ ಅವಳದು. ಮ್ಯಾಂಡೊಲಿನ್, ರಾಗದ ನೆತ್ತಿಯ ಮೇಲೆ ಕೂರುವ ಎತ್ತರದ ದನಿ ಅವನದು. ಹಣೆಗೆ ಹಣೆ ತಾಗುವಂತೆ ನಿಂತು ಹಾಡಬೇಕಾದ್ದರಿಂದ ಬೆಳಗಿನ ಜಗಳ ಪ್ರಾರ್ಥನೆಯ ಹೊತ್ತಿಗೆ ಮುಗಿಯಲೇಬೇಕಿತ್ತು. ಈರುಳ್ಳಿ ತಿಂದವರಾರು ಎಂಬುದೂ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಈಚೆಗೆ ಆರ್ವೆಲನ ದನಿ ಮೇಲೆ ಹೋದಲ್ಲಿ ಬಿರುಕು ಬಿಡುತ್ತಿತ್ತು. ಮಂಡಿನೋವೆಂದು ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟವನು ಶ್ರುತಿಯಲ್ಲಿ ಮಾತ್ರ ಒಂದು ಮೆಟ್ಟಿಲೂ ಇಳಿಯಲೊಲ್ಲ.

"ಸ್ವಲ್ಪ ಇಳಿಸೋಣ ಮಾರಾಯ," ಅಂದಳು ಡೆಲ್ಫಿಯಾ.

"ಇಳಿಸೋದಾದ್ರೆ ನನ್ನನ್ನೇ ಪೆಟ್ಟಿಗೇಲಿಟ್ಟು ಇಳಿಸು. ನಮ್ಮಪ್ಪ ಹಾಡಿದ ಎತ್ತರ ಕಣೇ ಇದು. ಚರ್ಚಿನ ವಾರ್ಷಿಕ ಕೂಟದಲ್ಲಿ ದನಿ ಒಡೀತೋ, ಮ್ಯಾಂಡೊಲಿನ್ ಗೋಡೆಗೆ ನೇತುಹಾಕಿ ಹಾಡೋದೇ ಬಿಟ್ಟೆ!"

ಹೇಳಿದ್ದನ್ನು ಮಾಡುವ ಆಸಾಮಿ. ಅವನಿಲ್ಲದೆ ಮೈಕಿನ ಮುಂದೆ ನಿಲ್ಲುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕೂಟದ ದಿನ ಮೊದಲ ಹಾಡನ್ನು ಆರ್ವೆಲ್ ಕತ್ತಿನ ನರ ಉಬ್ಬಿಸಿಕೊಂಡು ಹೇಗೋ ದಾಟಿಸಿದ. ಮುಂದಿನದು ಅದಕ್ಕಿಂತ ಎತ್ತರ. ಪಾದ್ರಿ ಮಾತಾಡುತ್ತಿದ್ದಾಗ ಡೆಲ್ಫಿಯಾ, ಗಿಟಾರಿನ ಕತ್ತನ್ನು ಕಚ್ಚಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪನ್ನು ಮೆಲ್ಲಗೆ ಎರಡು ಮನೆ ಹಿಂದಕ್ಕೆ ಸರಿಸಿ ಶ್ರುತಿ ಇಳಿಸಿಬಿಟ್ಟಳು. ಮ್ಯಾಂಡೊಲಿನ್ನಿಗೆ ಕ್ಲಿಪ್ಪಿಲ್ಲ, ಅದು ಹಳೇ ಎತ್ತರದಲ್ಲೇ ನುಡಿದು ಗಂಡನಿಗೆ ತಿಳಿದೇಬಿಡುತ್ತದೆ ಎಂಬುದು ಅವಸರದಲ್ಲಿ ಮರೆತೇಹೋಯಿತು.

ಮೊದಲ ಮೀಟಿಗೇ ಎರಡೂ ವಾದ್ಯಗಳು ಬೆಕ್ಕು ನಾಯಿಯಂತೆ ಕಚ್ಚಾಡಿದವು.

"ಕ್ಲಿಪ್ ತಪ್ಪಿದೆ ಕಣೇ," ಎಂದು ಆರ್ವೆಲ್ ಪಿಸುಗುಟ್ಟಿದ. ಮೈಕು ಅದನ್ನು ಚರ್ಚಿಗೆಲ್ಲ ಸಾರಿತು.

"ಗೊತ್ತು," ಅಂದಳು ಡೆಲ್ಫಿಯಾ. ಅದನ್ನೂ ಸಾರಿತು. ಅವಳ ಕೈ ಮಾತ್ರ ಕ್ಲಿಪ್ಪಿನ ಕಡೆ ಹೋಗಲಿಲ್ಲ.

ಮ್ಯಾಂಡೊಲಿನ್ನಿನ ಪಟ್ಟಿಯನ್ನು ಆರ್ವೆಲ್ ಹೆಗಲಿನಿಂದ ತೆಗೆಯತೊಡಗಿದ. ಮುಂದಿನ ಬೆಂಚಿನಿಂದ ಮುದುಕಿ ಓವಾ ಎದ್ದಳು.

"ಬ್ರದರ್ ಆರ್ವೆಲ್, ಅವಳು ಹಾಕಿದ ಶ್ರುತಿಗೇ ಹಾಡಪ್ಪ! ನಿನ್ನ ಎತ್ತರಕ್ಕೆ ನಮ್ಮ ಗಂಟಲು ಎಲ್ಲಿ ಏರುತ್ತೆ? ಇಷ್ಟು ವರ್ಷ ಬರೀ ಬಾಯಿ ಆಡಿಸ್ತಾ ಕೂತಿದೀವಿ!"

"ಆಮೆನ್!" ಎಂದಿತು ಇಡೀ ಸಾಲು, ಪಾದ್ರಿಯ ಪ್ರಸಂಗಕ್ಕೂ ಅಂದಿರದಷ್ಟು ಜೋರಾಗಿ.

ಆರ್ವೆಲ್ ಹೆಂಡತಿಯನ್ನು ನೋಡಿದ. ಪಟ್ಟಿಯನ್ನು ಮತ್ತೆ ಹೆಗಲಿಗೇರಿಸಿ ಬೆರಳುಗಳನ್ನು ಅವಳ ಶ್ರುತಿಗೆ ಸರಿಸಿದ. ಪಲ್ಲವಿ ಬಂದಾಗ ಬೆಂಚುಗಳೆಲ್ಲ ದನಿಗೂಡಿಸಿದವು.

ಅಂಗಳದ ಊಟದಲ್ಲಿ ಅವನು ಜೋಳದ ರೊಟ್ಟಿ ಮುರಿದು ಅರ್ಧ ಹೆಂಡತಿಯ ತಟ್ಟೆಗಿಟ್ಟ. "ತೀರಿಕೊಂಡ ನಮ್ಮ ಕ್ಲೆಟಸ್‌ನನ್ನ ಮಂಗಳವಾರ ಮಣ್ಣು ಮಾಡೋವಾಗ ಇನ್ನೂ ಒಂದು ಮನೆ ಇಳಿಸೇ," ಅಂದ. "ಅವನ ಹೆಂಡತೀನೂ ಕೂಡಿ ಹಾಡ್ಲಿ."