ಜೇನುಗುಡ್ಡದಿಂದ ಮಾಗ್ದಲೀನಾ ದಾಟಿಸಿದ್ದು

ಕಾಳಿ ನದಿಯ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ ವರ್ಷ, ಜೋಯಿಡಾ ಕಡೆಯ ಮೂರು ಗುಡ್ಡಗಳು ನಡುಗಡ್ಡೆಗಳಾದವು: ಜೇನುಗುಡ್ಡ, ವಾಘದೇವ ಗುಡ್ಡ, ಬಾಳೆಗುಡ್ಡ. ಮಾಗ್ದಲೀನಾಳ ಮುತ್ತಜ್ಜ, ಗೋವೆಯ ಧಣಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು, ಮೊದಲು ಅಡಗಿದ್ದು ಜೇನುಗುಡ್ಡದಲ್ಲಿ. ಅದರ ಬುಡದಲ್ಲೇ ಸಿದ್ದಿಗಳ ಹನ್ನೊಂದು ಮನೆ ಎದ್ದಿದ್ದವು. ಈಗ ಅವೆಲ್ಲ ನೀರಿನಡಿ. ಊರವರು ಹೋದರೂ ವಿಧವೆ ಮಾಗ್ದಲೀನಾ, ಮುಳುಗಲಿರುವ ಕಾಡಿನ ಮರ ಕಡಿಯುವವರಿಗೆ ಅಡುಗೆ ಮಾಡಿಕೊಂಡು ಗುಡ್ಡದ ಮೇಲೆ ಉಳಿದಳು.

ಒಂದು ಮಧ್ಯಾಹ್ನ ಗುಡ್ಡದಲ್ಲಿ ಮೂವರೇ ಇದ್ದರು: ಅವಳು, ಧಾರವಾಡ ಕಡೆಯ ಕೂಲಿಗಳಾದ ಶಂಕ್ರಪ್ಪ, ಶೇಖಪ್ಪ. ಕೊಡಲಿ ಜಾರಿ ಶೇಖಪ್ಪನ ಕಾಲಿಗೆ ಬಿತ್ತು. ಸೀರೆ ಹರಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಬೆಳಿಗ್ಗೆ ಹೋದ ದೋಣಿಯವನು ಗಾಳಿಗೆ ಹೆದರಿ ಮರಳಲಿಲ್ಲ.

"ನಡಕೋತ ಹೋಗೂಣು," ಎಂದಳು.

"ಎಲ್ಲಿ ನಡೀತಿ ಅಕ್ಕಾ? ಸುತ್ತೂ ನೀರ ಐತಿ," ಎಂದ ಶಂಕ್ರಪ್ಪ.

"ವಾಘದೇವ ಗುಡ್ಡಕ್ಕ ನಮ್ಮ ಗಾಡಿದಾರಿ ಐತಿ, ನೀರಿನ ಕೆಳಗ. ಇವತ್ತ ಎದಿಮಟ ನೀರ. ನಾಳೆ ನೀರ ಏರತೈತಿ, ಅದೂ ಆಗಂಗಿಲ್ಲ."

ಶಂಕ್ರಪ್ಪ ಗೆಳೆಯನನ್ನು ಬೆನ್ನಿಗೆ ಹಾಕಿಕೊಂಡ. ಮಾಗ್ದಲೀನಾ ಬಿದಿರುಗಳದಿಂದ ತಳ ತಡವುತ್ತ ಮುಂದೆ ನಡೆದಳು. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು.

"ಯಾಕ ನಿಂತಿ?"

"ಇಲ್ಲೇ ಎಡಕ್ಕ ಬಾವಿ ಐತಿ. ಕಟ್ಟಿ ಇಲ್ಲದ್ದು. ಅದರ ಮಗ್ಗಲ ಗುರುತಿಗೆ ಹಲಸಿನ ಗಿಡ ಇತ್ತು."

ಅವಳು ಗಳ ಊರಿದಳು, ತಳವೇ ಸಿಗಲಿಲ್ಲ. ಸರಕ್ಕನೆ ಹಿಂದೆ ಸರಿದಳು. ಶೇಖಪ್ಪನ ತಲೆ ಗೆಳೆಯನ ಹೆಗಲ ಮೇಲೆ ಜೋಲಿತು. ಅವಳು ಕತ್ತಿನವರೆಗೆ ಮುಳುಗಿ, ಬರಿಗಾಲಲ್ಲಿ ಕೆಸರು ತಡವಿದಳು. ಕಲ್ಲು. ಮತ್ತೆ ಕೆಸರು. ಆಮೇಲೆ ಒರಟು ಮರ ಕಾಲಿಗೆ ತಾಗಿತು.

"ಹಲಸಿನ ಬೊಡ್ಡಿ ಸಿಕ್ತು! ಬಲಕ್ಕ ಬಾ ತಮ್ಮಾ, ನನ್ನ ಸೆರಗ ಬಿಡಬ್ಯಾಡ."

ವಾಘದೇವ ಗುಡ್ಡ ಹತ್ತಿ, ಗೆಳೆಯನನ್ನು ಇಳಿಸಿ ಶಂಕ್ರಪ್ಪ ಕುಸಿದು ಕೂತ. "ಅಕ್ಕಾ, ಆ ಗಿಡ ಕಡದಾವ ನಾನ," ಎಂದ ಶಂಕ್ರಪ್ಪ.

"ಗೊತ್ತೈತಿ. ಅವತ್ತ ನಿನಗ ಊಟ ಹಾಕಿದಾಕಿ ನಾನ. ಈಗ ಏಳು."

ಗುಡ್ಡದಾಚೆ ದಂಡೆ ಹತ್ತಿರವಿತ್ತು. ಕೂಗಿದರು, ಅಲ್ಲಿ ಮರ ಹೇರುತ್ತಿದ್ದ ಲಾರಿಯವರು ತೆಪ್ಪ ತಂದರು. ದಾಂಡೇಲಿಯ ಆಸ್ಪತ್ರೆಯಲ್ಲಿ ಶೇಖಪ್ಪನ ಜೀವ ಉಳಿಯಿತು, ಕಾಲು ಕುಂಟಾಯಿತು. ಮಾಗ್ದಲೀನಾ ಆ ವಾರವೇ ಕೆಲಸ ಬಿಟ್ಟು ಹಳಿಯಾಳದ ಹತ್ತಿರ ತಂಗಿ ಕ್ರಿಸ್ತಿನಾಳ ಮನೆ ಸೇರಿ, ಹೊಲದ ಕೂಲಿಗೆ ನಿಂತಳು. ಬೇಸಿಗೆಯಲ್ಲಿ ನೀರಿಳಿದು ಮುಳುಗಿದ ಊರು ಕಂಡಾಗ ನೋಡಿ ಬರೋಣವೆಂದು ತಂಗಿ ಎರಡು ಸಲ ಕರೆದಳು. "ಕಾಲಿಲೆ ತಡವಿ ನೋಡೇನಿ, ಸಾಕು," ಎಂದ ಮಾಗ್ದಲೀನಾ ಹೋಗಲಿಲ್ಲ.