ಗಂಗಾಳದ ಸಪ್ಪಳಕ್ಕೆ ಬೆಚ್ಚಿದವರು

ಬೆಳಗಿನಿಂದ ತಲೆ ಚಿಟ್ಟು ಹಿಡಿದಿದೆ. ಮೊಮ್ಮಗಳು ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಹಳೆಯ ಹಿತ್ತಾಳೆ ಗಂಗಾಳವನ್ನು ಬೋರಲು ಹಾಕಿ ಸವಟಿನಿಂದ ಬಡಿಯುತ್ತಿದ್ದಾಳೆ. ಉಣ್ಣುವ ಗಂಗಾಳ ಅದು. ಈಗ ಅಂಚು ಸೊಟ್ಟ, ನಡುವೆ ತಗ್ಗು. ಪಕ್ಕದ ಮನೆಯ ನೀಲವ್ವ ಗೋಡೆಯ ಮೇಲಿಂದ ಇಣುಕಿ, "ಯಾಕಬೇ ಅಕ್ಕಾ, ನಿಮ್ಮನ್ಯಾಗ ಡೊಳ್ಳಿನ ಮೇಳ ಇಳದೈತೇನು?" ಎಂದಳು. "ಇಳದೈತಿ ನೋಡವಾ. ಕೇಳಾಕ ಆಗದಿದ್ರ ಹತ್ತಿ ಕೊಡ್ತೀನಿ, ಕಿವ್ಯಾಗ ಇಟ್ಕೋ" ಎಂದೆ. ಇನ್ನೂ ಜೋರಾಗಿ ಬಡಿಯಲಿ ಎನ್ನಿಸುತ್ತದೆ ನನಗೆ. ಯಾಕೆ ಅಂತ ಹೇಳುತ್ತೇನೆ, ತುಸು ಕೂತುಕೊಳ್ಳಿ.

ಮಗಳು ರೇಣವ್ವ ಹುಟ್ಟಿದ್ದು ತೊಂಬತ್ತೇಳರ ಸುಮಾರಿಗೆ. ದುಂಡಗೆ, ಕಪ್ಪಗೆ, ಕಡೆದಿಟ್ಟ ಹಾಗಿದ್ದಳು. ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ, ನಮ್ಮ ಅತ್ತೆಗೆ ಚಿಂತೆಯೇ ಇಲ್ಲ. "ಇದರಪ್ಪನೂ ಹಿಂಗ ಇದ್ದ. ತಡಾ ಮಾಡಿ ಬಾಯಿ ಬಿಟ್ಟ. ಈಗ ನೋಡು, ಮುಚ್ಚಂದ್ರೂ ಮುಚ್ಚವಲ್ಲ" ಎನ್ನುತ್ತಿದ್ದರು. ಅಷ್ಟಕ್ಕೂ ನನ್ನ ಅಳು ನಿಲ್ಲದಿದ್ದರೆ ಈ ಗಂಗಾಳ ಇಳಿಸುತ್ತಿದ್ದರು. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂಡಬೇಕು, ಅತ್ತೆ ಹಿಂದೆ ನಿಂತು ಸವಟಿನಿಂದ ಒಂದು ಏಟು ಹಾಕಬೇಕು. ಧಣ್! ಕೂಸು ಬೆಚ್ಚಿ ಕಣ್ಣು ಪಿಳುಕಿಸುತ್ತಿತ್ತು. "ಕಂಡಿ? ಕಿವಿ ಛಲೋ ಅದಾವ. ಸುಮ್ನ ಅಳಬ್ಯಾಡ." ನಮ್ಮ ಓಣಿಯಲ್ಲಿ ಮಾತು ತಡವಾದ ಕೂಸುಗಳಿಗೆಲ್ಲ ಇದೇ ಪರೀಕ್ಷೆ. ಒಂದು ಸಲ ಗಂಗಾಳ ಬಡಿದರೆ ನನಗೆ ಒಂದಷ್ಟು ದಿನದ ಉಸಿರು ಸಿಗುತ್ತಿತ್ತು.

ಆ ಬೇಸಿಗೆಯಲ್ಲಿ ಊರಿಗೆಲ್ಲ ಕಣ್ಣು ಬಂದವು. ಬೆಳಗಾದರೆ ರೇಣವ್ವನ ರೆಪ್ಪೆಗಳು ಪಿಚ್ಚಿನಿಂದ ಅಂಟಿಕೊಂಡಿರುತ್ತಿದ್ದವು. ಮನೆಮದ್ದಿಗೆ ಬಗ್ಗಲಿಲ್ಲ. ಮಂಗಳೂರಿನ ದವಾಖಾನೆಗೆ ಹೋದೆ. ಸಮುದ್ರದ ಮಂಗಳೂರಲ್ಲ ಮತ್ತೆ, ನಮ್ಮ ಯಲಬುರ್ಗಾ ಕಡೆಯದು; ಅಲ್ಲಿ ಮೀನಿಲ್ಲ, ಇರುವುದು ಕಡಲೆ ಮತ್ತು ಧೂಳು. ಕಂಪೌಂಡರ್ ಹುಸೇನಸಾಬರು ಬಾಂಕಿನ ಮೇಲೆ ಕೂತ ಕೆಂಗಣ್ಣಿನ ಸಾಲಿಗೆ, ಮಡಿಗೆ ನೀರು ಬಿಟ್ಟಂತೆ, ಹನಿ ಔಷಧ ಬಿಡುತ್ತ ಬರುತ್ತಿದ್ದರು. ಹನಿಗೊಂದು ಬೈಗುಳ. "ಸೆರಗಿಲೆ ಒರಸಬ್ಯಾಡ್ರಿ ಅಂದ್ರ ಅದನ್ನ ಮಾಡ್ತೀರಿ! ಒಂದ ಟವಲು ಮನಿಮಂದೆಲ್ಲ ಬಳಸಿ, ಗಾಳಿಗೆ ಬಂತು ಅಂತೀರಿ!" ನಡುವೆ ಮುದುಕರೊಬ್ಬರ ಕಿವಿಗೆ ಪಿಚಕಾರಿಯಿಂದ ಬೆಚ್ಚನೆಯ ನೀರು ಹೊಡೆದು ಕಡಲೆಕಾಳಿನಷ್ಟು ಗುಗ್ಗೆ ಕೆಡವಿದರು. "ಅಜ್ಜಾ, ಇಷ್ಟ ದಿನ ಸೊಸಿ ಬೈದದ್ದು ಕೇಳತಿದ್ದಿಲ್ಲ, ಆರಾಮ ಇದ್ದಿ. ಇನ್ನ ನಿನ್ನ ಹಣೇಬಾರ" ಎಂದಾಗ ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಎಷ್ಟೋ ಕಾಲ ಆ ನಗು ನೆನಪಾದರೆ ಮೈ ಉರಿಯುತ್ತಿತ್ತು.

ನಮ್ಮ ಸರದಿ ಬಂತು. ಕೂಸನ್ನು ಬಾಂಕಿನ ಮೇಲೆ ಮಲಗಿಸಿ ಹನಿ ಬಿಟ್ಟರು. ತಿರುಗುವಾಗ ಅವರ ಮೊಳಕೈ ತಾಗಿ ಸ್ಟೀಲಿನ ಟ್ರೇ ಬಂಡೆಗಲ್ಲಿನ ನೆಲಕ್ಕೆ ಬಿತ್ತು. ಆಗಷ್ಟೇ ಕಿವಿ ತೆರೆದಿದ್ದ ಮುದುಕರು ಹಾರಿಬಿದ್ದರು. ರೇಣವ್ವ ಕಾಲು ಆಡಿಸುತ್ತ ಬೆರಳು ಚೀಪುತ್ತಿದ್ದಳು.

ಹುಸೇನಸಾಬರು ಬಿದ್ದದ್ದನ್ನು ಎತ್ತದೆ ಅವಳನ್ನೇ ನೋಡಿದರು. "ತಂಗೀ, ಕೂಸಿಗೆ ಕೇಳತೈತೇನು?"

"ಕೇಳತೈತ್ರಿ ಅಣ್ಣಾರ. ಮನ್ಯಾಗ ಗಂಗಾಳ ಬಡದ್ರ ಬೆಚ್ಚತೈತಿ."

"ಹೆಂಗ ಬಡೀತೀರಿ, ತೋರಸು."

ತೊಡೆಯ ಮೇಲೆ ಕೂಡಿಸಿಕೊಂಡು ಬೆನ್ನು ತಿರುಗಿಸಿದೆ. ಅವರು ಟ್ರೇ ಬಡಿದರು. ಕೂಸು ಬೆಚ್ಚಿತು. "ನೋಡ್ರಿ!" ಎಂದೆ, ಕುಸ್ತಿ ಗೆದ್ದವಳಂತೆ. ಅವರು ಅವಳನ್ನು ಎತ್ತಿ ಬಾಂಕಿನ ಮೇಲೆ ಬೇರೆಯಾಗಿ ಕೂಡಿಸಿ, ಹಿಂದೆ ನಿಂತು ಬಡಿದರು. ಮತ್ತೊಮ್ಮೆ ಬಡಿದರು. ರೇಣವ್ವ ತನ್ನ ಅಂಗಿಯ ಗುಂಡಿ ಹಿಡಿದು ಆಡುತ್ತಿದ್ದಳು.

"ಬೆಚ್ಚಿದ್ದು ನೀ, ತಂಗೀ" ಎಂದರು. "ನಿನ್ನ ತೊಡಿ ಅಳ್ಳಾಡಿದ್ದಕ್ಕ ಅದು ಬೆಚ್ಚೈತಿ. ಕೊಪ್ಪಳಕ್ಕ ಕರ್ಕೊಂಡು ಹೋಗು."

ಹೋದೆವು. ಹುಟ್ಟಿನಿಂದಲೇ ನರ ಕೆಲಸ ಮಾಡುತ್ತಿಲ್ಲ, ಇದಕ್ಕೆ ಹನಿ ಇಲ್ಲ, ಗುಳಿಗೆ ಇಲ್ಲ ಎಂದರು ಅಲ್ಲಿಯ ಡಾಕ್ಟರು. ಕೇಳಿಸುವ ಯಂತ್ರ ಎಂದು ಎದೆಗೊಂದು ಪೆಟ್ಟಿಗೆ, ಕಿವಿಗೊಂದು ತಂತಿ ಕೊಟ್ಟರು. ಹಾಕಿದರೆ ಕಿರುಚಿ ಕಿತ್ತೊಗೆಯುತ್ತಿದ್ದಳು. ಪೆಟ್ಟಿಗೆ ಕಪಾಟು ಸೇರಿತು. ನನಗೊಂದು ಚಟ ಅಂಟಿತು. ಅವಳ ಬೆನ್ನ ಹಿಂದೆ ನಿಂತು "ರೇಣೀ" ಎಂದು ಕರೆದು ಕಾಯುವುದು. ಅವಳು ತಲೆ ಬಾಚಿಕೊಳ್ಳುವಾಗ ಕರೆದೆ. ರೊಟ್ಟಿ ಬಡಿಯಲು ಕಲಿತಾಗ ಒಲೆಯ ಹಿಂದೆ ನಿಂತು ಕರೆದೆ. ಮದುವೆಯ ಹಂದರದಲ್ಲಿ ಅರಿಷಿಣ ಹಚ್ಚಿಸಿಕೊಂಡು ಕೂತಾಗಲೂ, ಹೆಂಗಸರ ಹಾಡಿನ ನಡುವೆ, ಬಾಗಿ ಕರೆದೆ. ನೀವು ಹುಚ್ಚು ಅನ್ನಬಹುದು, ಅನ್ನಿ. ಡಾಕ್ಟರ ಮಾತು ತಲೆಗೆ ತಿಳಿದಿತ್ತು, ನಾಲಿಗೆಗೆ ತಿಳಿದಿರಲಿಲ್ಲ.

ಅಳಿಯನಿಗೂ ಕಿವಿ ಕೇಳದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಆ ಗದ್ದಲದಲ್ಲಿ ತಲೆನೋವು ಬರದವನು ಅವನೊಬ್ಬನೇ ಎಂದು ಜೊತೆಗಾರರು ನಗುತ್ತಾರಂತೆ, ಅವನೂ ಅವರ ಮುಖ ನೋಡಿ ನಗುತ್ತಾನೆ. ರೇಣವ್ವ ಬಸುರಾದಾಗ ಊರೆಲ್ಲ ಸಕ್ಕರೆ ಕೇಳಿತು. ನನಗೆ ಅನ್ನ ಇಳಿಯಲಿಲ್ಲ. ಇಬ್ಬರ ಕಿವಿಯೂ ಮುಚ್ಚಿದ್ದರೆ ಕೂಸಿನದು?

ಕೂಸು ಹುಟ್ಟಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯ ಹುಡುಗಿಯೊಬ್ಬಳು, ಮಲಗಿದ್ದ ಕೂಸಿನ ಕಿವಿಗೆ ಸಣ್ಣ ಬಿರಡೆ ಇಟ್ಟು, ಯಂತ್ರ ನೋಡಿ, "ಪಾಸ್ ಆಗೈತ್ರಿ ಆಯಿ" ಎಂದಳು.

"ಮಕ್ಕೊಂಡಲ್ಲೇ ಪಾಸ್ ಆಗತಾವೇನವಾ?" ಎಂದೆ. ಅವಳು ನಕ್ಕಳು. ನಾನು ನಂಬಲಿಲ್ಲ. ಒಮ್ಮೆ ನಂಬಿ ಕೆಟ್ಟ ಮೈ ಇದು.

ಮನೆಗೆ ಬಂದವಳೇ ಗಂಗಾಳ ಇಳಿಸಿದೆ. ಕೂಸನ್ನು ನಾನು ಹಿಡಿಯಲಿಲ್ಲ, ಓಣಿಯ ಯಾರ ತೊಡೆಯನ್ನೂ ನಂಬಲಿಲ್ಲ. ರೇಣವ್ವನನ್ನು ಗೋಡೆಗೆ ಮುಖ ಮಾಡಿ ಕೂಡಿಸಿ ಅವಳ ತೊಡೆಯ ಮೇಲಿಟ್ಟೆ. ಯಾವ ಸಪ್ಪಳಕ್ಕೂ ಅಲುಗದ ತೊಡೆ ಮನೆಯಲ್ಲಿ ಅದೊಂದೇ. ಹಿಂದೆ ನಿಂತೆ. ಸವಟು ಎತ್ತಿದ ಕೈ ಇಳಿಯಲೊಲ್ಲದು. ಕಡೆಗೆ ಕಣ್ಣು ಮುಚ್ಚಿ ಬಡಿದೆ.

ಕೂಸು ಕಿಟಾರನೆ ಕಿರುಚಿತು. ಕಣ್ಣು ಬಿಟ್ಟರೆ, ರೇಣವ್ವ ನನ್ನ ಕಡೆ ತಿರುಗಿದ್ದಳು. ಇಷ್ಟು ವರ್ಷ ಬೆನ್ನ ಹಿಂದಿನಿಂದ ಕರೆದು ಕರೆದು ಸೋತಿದ್ದೆ; ತೊಡೆಯ ಮೇಲೆ ಕೂಸು ಬೆಚ್ಚಿದ್ದಕ್ಕೆ ಅವಳು ತಿರುಗಿದ್ದಳು. ನನ್ನ ಕೈ ನೋಡಿದಳು, ಗಂಗಾಳ ನೋಡಿದಳು, ಕೂಸಿನ ಕಿವಿ ಮುಟ್ಟಿದಳು. ಆಮೇಲೆ ಅಳುವ ಕೂಸನ್ನು ಎದೆಗೆ ಒತ್ತಿಕೊಂಡು, ಮತ್ತೆ ಬಡಿ ಎಂದು ಕೈ ಮಾಡಿದಳು. ಬಡಿದೆ. ಮತ್ತೆ ಎಂದಳು. ನೀಲವ್ವ ಓಡಿ ಬಂದು ಸವಟು ಕಸಿದುಕೊಳ್ಳುವ ತನಕ ಬಡಿದೆ. ಈ ತಗ್ಗು ಅವತ್ತಿನದು.

ನಾನೀಗ ಅವಳನ್ನು ಹಿಂದಿನಿಂದ ಕರೆಯುವುದನ್ನು ಬಿಟ್ಟಿದ್ದೇನೆ. ಆ ಜಾಗಕ್ಕೆ ಬೇರೊಬ್ಬಳು ಬಂದಿದ್ದಾಳೆ. ನೋಡಿ, ಸಪ್ಪಳ ನಿಂತಿತು. ರೇಣವ್ವ ಬಾಗಿಲ ಕಡೆ ಮುಖ ಮಾಡಿ ಜೋಳ ಹಸನು ಮಾಡುತ್ತಿದ್ದಾಳೆ. ಮೊಮ್ಮಗಳು ಅವಳ ಬೆನ್ನ ಹಿಂದೆ ನಿಂತು "ಅವ್ವಾ" ಎನ್ನುತ್ತಾಳೆ. ಕಾಯುತ್ತಾಳೆ. "ಅವ್ವಾ!"

ತಡೆಯಲಾರದೆ ನಾನೇ "ಓ" ಎಂದೆ.

"ನೀ ಅಲ್ಲ ಆಯಿ! ಅವ್ವ!" ಎಂದು ಸವಟು ತೋರಿಸಿ ಗದರಿಸಿದಳು. ಮತ್ತೆ ಗಂಗಾಳ ಎಳೆದುಕೊಂಡು ಹೋಗಿ, ಮೊರ ಆಚೆ ತಳ್ಳಿ, ತಾಯಿಯ ತೊಡೆಯೇರಿ ಕೂತಳು. ಸವಟು ಮೇಲೆದ್ದಿತು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.