ನಕ್ಕೋ ಪ್ಲೇಟು

ಅಜ್ಜ ಆ ಕಥೆ ಹೇಳುವಾಗ ನಾನು ಅವನ ತೊಡೆಯ ಮೇಲೆ ಕೂತಿದ್ದೆ ಎಂದು ಮೊದಲು ಬರೆದೆ. ಹೊಡೆದುಹಾಕಿದೆ. ಅವ್ವನ ಅಪ್ಪ ಸತ್ತಾಗ ನನಗಿನ್ನೂ ಮಾತು ಬರುತ್ತಿರಲಿಲ್ಲ. ಕಥೆ ನನಗೆ ಸಿಕ್ಕಿದ್ದು ಅವ್ವನಿಂದ.

ರಾಯಚೂರು ಕಡೆಯವನೊಬ್ಬ ಹೊಸದಾಗಿ ಹೈದರಾಬಾದಿನಲ್ಲಿ ರೈಲಿಳಿಯುತ್ತಾನೆ. ಹಾಸಿಗೆ ಸುರುಳಿಯನ್ನು ಹೇರಿಕೋ ಎಂದು ಟಾಂಗಾದವನಿಗೆ ಹೇಳುತ್ತಾನೆ. ಟಾಂಗಾದವನು 'ನಕ್ಕೋ' ಅನ್ನುತ್ತಾನೆ. ಅವನ ದಖನಿ ಉರ್ದುವಿನಲ್ಲಿ ಅದು 'ಬೇಡ'. ಇವನ ಕನ್ನಡದಲ್ಲಿ 'ನಗು'. ಪರಊರು, ಹೇಳಿದಂತೆ ಕೇಳಬೇಕೆಂದು ಇವನು ನಗುತ್ತಾನೆ. ಅವನು ಸಿಟ್ಟಿನಿಂದ ಮತ್ತೆ ನಕ್ಕೋ ಅಂದರೆ ಇವನ ನಗೆ ಇನ್ನೂ ಜೋರು. ಅಷ್ಟೇ ಕಥೆ. ಇದೇ ಒಂದು ಹಳೆಯ ಗ್ರಾಮಫೋನ್ ಪ್ಲೇಟಿನಲ್ಲೂ ಇತ್ತು.

ಅಜ್ಜ ಇದು ತನಗೇ ಆದದ್ದೆಂದು ಹೇಳುತ್ತಿದ್ದನಂತೆ. ಅವನ ಫಜೀತಿ ಯಾರೋ ನಾಟಕದವರ ಕಿವಿಗೆ ಬಿದ್ದು ಪ್ಲೇಟಾಯಿತೆಂದು ನೆಂಟರೆಲ್ಲ ನಂಬಿದ್ದರು. ನನ್ನ ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಯಾವ ಮದುವೆ, ಮುಂಜಿಯಲ್ಲಿ ಅವ್ವನನ್ನು ಕಂಡರೂ, "ನಕ್ಕೋನ ಮಗಳು ಬಂದ್ಲು, ಜಾಗಾ ಬಿಡ್ರಿ" ಅನ್ನುವಳು. ಅವ್ವ ಅಲ್ಲಿ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಒಂದೇ ಮಾತು: "ಕಥಿ ಹೇಳೂಮುಂದ ನಮ್ಮಪ್ಪನ ಗಂಟಲಾ ಕಟ್ತಿತ್ತು. ಒಂದು ಕಡೆ ಬಂದು ನಕ್ಕೋ, ನಕ್ಕೋ, ನಕ್ಕೋ ಅಂತ ಅಲ್ಲೇ ನಿಂತುಬಿಡಾಂವ. ಎಷ್ಟು ಅವಮಾನ ಆಗಿತ್ತೋ ಏನೋ."

ನಾನು ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ವರ್ಷಗಳವು. ಕ್ಲಾಸು ಮುಗಿದ ಮೇಲೆ ಇಂಟರ್ನೆಟ್ಟಿನಲ್ಲಿ ಪ್ಲೇಟಿನ ಮೂಲ ಹುಡುಕಿದೆ. ಏನೂ ಸಿಗಲಿಲ್ಲ. ಪ್ಲೇಟು ಮಾತ್ರ ಅವ್ವನ ಟ್ರಂಕಿನಲ್ಲೇ ಇತ್ತು. ಅಜ್ಜನದೇ, ಲೇಬಲ್ಲು ಅರ್ಧ ಹರಿದದ್ದು. ಅವಳಿಗೆ ಬುದ್ಧಿ ಬರುವಷ್ಟರಲ್ಲಿ ಗ್ರಾಮಫೋನು ಕೆಟ್ಟಿತ್ತು. ಆಮೇಲೆ ಬೇರೆ ಕಡೆ ಕೇಳುವ ಮನಸ್ಸು ಅವಳಿಗಾಗಲಿಲ್ಲ. ಅದೇ ಊರಿನ ಅಬಿಡ್ಸ್‌ನಲ್ಲಿ ಹಳೆಯ ಪ್ಲೇಟು ಮಾರುವ ಬೀದರಿನವರೊಬ್ಬರಿದ್ದಾರೆ ಎಂದಾಗ ತಾನೂ ಬರುತ್ತೇನೆಂದಳು.

"ನಮ್ಮಪ್ಪನ್ನ ಹೆಂಗ ಆಡ್ಕೊಂಡಾರ, ಒಮ್ಮೆ ಕೇಳೇ ಬಿಡ್ತೀನಿ."

ಅವ್ವನಿಂದ ಅಜ್ಜನ ಕಥೆಯೆಲ್ಲ ಕೇಳಿ, ಅಂಗಡಿಯವರು ಪ್ಲೇಟನ್ನು ಬಟ್ಟೆಯಿಂದ ಒರೆಸಿ, ಗ್ರಾಮಫೋನಿಗೆ ಕೀಲಿ ಕೊಟ್ಟು, ಮುಳ್ಳು ಇಟ್ಟರು. ಎಣ್ಣೆಯಲ್ಲಿ ಏನೋ ಕರಿದಂಥ ಸದ್ದು, ಅದರೊಳಗೆ ಇಬ್ಬರು ಒದರುತ್ತಿದ್ದರು. ಅಂಗಡಿಯವರು ಕಿವಿಗೊಟ್ಟು ಹೇಳಿದರು, "ಮೈಕ್ ಬರೋಕಿಂತ ಮೊದಲಿಂದರಿ ಇದು. ತುತ್ತೂರಿಯಂಥಾ ಭೋಂಗಾದಾಗ ಬಾಯಿ ಇಟ್ಟು ಒದರ್ಯಾರ. ನಿಮ್ಮ ತಂದಿಯವರು ಹೈದರಾಬಾದಿಗೆ ಯಾವಾಗ ಬಂದ್ರು?"

"ಲಗ್ನ ಆದಮ್ಯಾಲ. ಮರುವರ್ಷ ನಾ ಹುಟ್ಟಿದೆ."

ಅವರು ಅವ್ವನ ನೆರೆತ ತಲೆ ನೋಡಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. "ಹಂಗಾರ ಇದನ್ನ ಮಾಡೂಮುಂದ ನಿಮ್ಮ ತಂದಿ ಊರಾಗ ಗೋಲಿ ಆಡಾಕತ್ತಿದ್ರು."

ಅಷ್ಟರಲ್ಲಿ ಮುಳ್ಳು ಒಂದು ಗೀರಿಗೆ ಸಿಕ್ಕಿತು. ನಕ್ಕೋ, ನಕ್ಕೋ, ನಕ್ಕೋ. ಅವರು ಎತ್ತಲು ಕೈ ಚಾಚಿದರು.

"ಇರಲಿ ಬಿಡ್ರಿ," ಎಂದಳು ಅವ್ವ.

ಮುಳ್ಳು ತಾನೇ ಮುಂದೆ ಹಾರಿತು. ಅವ್ವ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಗಂಟಲಾ ಕಟ್ಟಿದ್ದಲ್ಲೋ ಅದು. ಪ್ಲೇಟು ಹೆಂಗ ಸಿಕ್ಕೊಂತಿತ್ತೋ ಹಂಗ ಮಾಡಿ ತೋರಸ್ತಿದ್ದ. ನಗಸಾಕ ಮಾಡ್ತಿದ್ದ ನಮ್ಮಪ್ಪ. ನಾ ಒಬ್ಬಾಕೀನ ನಗಲಿಲ್ಲ ನೋಡು."

ಹೊರಗೆ ಬಂದು ಆಟೋ ಕೇಳಿದೆವು. ಆಟೋದವನು 'ನಕ್ಕೋ' ಅಂದ ಎಂದು ಬರೆದರೆ ಚೆನ್ನಾಗಿರುತ್ತದೆ. ಅವನು ಬರೀ ತಲೆ ಅಡ್ಡಡ್ಡ ಆಡಿಸಿ ಹೋದ. ಬಸ್ಸಿನಲ್ಲಿ ಅವ್ವ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡಿದಳು. ಹಗಲಲ್ಲಿ ಅವಳು ನಿದ್ದೆ ಮಾಡಿದ್ದನ್ನು ಅದಕ್ಕೆ ಮುಂಚೆ ಕಂಡ ನೆನಪಿಲ್ಲ. ನನ್ನ ನೆನಪಿನ ಮಾತು ಬಿಡಿ.

ಆಮೇಲೆ ನೆಂಟರ ಮನೆಯ ಒಂದು ಸೀಮಂತದಲ್ಲಿ ಅತ್ತೆ ಎಂದಿನಂತೆ, "ನಕ್ಕೋನ ಮಗಳು ಬಂದ್ಲು" ಅಂದಳು.

"ಬಂದೀನಿ," ಎಂದಳು ಅವ್ವ. "ಸರೀರಿ ಅತ್ತಾಗ, ಅಪ್ಪ ಹೇಳಿದಂಗ ಹೇಳ್ತೀನಿ." ಚಾಪೆಯ ನಡುವೆ ಕೂತು ಕಥೆ ಶುರುಮಾಡಿದಳು. ನಕ್ಕೋ, ನಕ್ಕೋ ಅನ್ನುವ ಜಾಗಕ್ಕೆ ಬಂದಾಗ ಬೇಕೆಂದೇ ಸಿಕ್ಕಿಹಾಕಿಕೊಂಡಳು. ಅತ್ತೆ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು, ಮುಳ್ಳನ್ನು ಮುಂದೆ ತಳ್ಳುವಂತೆ.